ಊರಿಗೆ ಊರೇ ಉಪ್ಪು ಬದಲಾಯಿಸಿದಾಗ

ಉತ್ತರ ಚೀನಾದ ಹಳ್ಳಿ ಮನೆಗಳಲ್ಲಿ ನಮ್ಮ ಉಪ್ಪಿನಕಾಯಿ ಭರಣಿಯ ದೊಡ್ಡಣ್ಣನಂಥ ಒಂದು ಜಾಡಿ ಇರುತ್ತದೆ. ಅಲ್ಲಿ ಚಳಿಗಾಲ ಅಂದರೆ ಹೊಲ ಪೂರ್ತಿ ಹೆಪ್ಪುಗಟ್ಟಿ ಕೂರುವ ಕಾಲ. ಹಸಿ ತರಕಾರಿ ಸಿಗುವುದಿಲ್ಲ. ಹಾಗಾಗಿ ಅದಕ್ಕೂ ಮುಂಚೆಯೇ ಎಲೆಕೋಸು, ಮೂಲಂಗಿಯನ್ನು ಜಾಡಿಯಲ್ಲಿ ಪದರ ಪದರವಾಗಿ ಜೋಡಿಸಿ, ಮುಷ್ಟಿಗಟ್ಟಲೆ ಉಪ್ಪು ಸುರಿದು, ಮೇಲೊಂದು ಭಾರದ ಕಲ್ಲು ಹೇರಿ ಇಡುತ್ತಾರೆ. ನಾವು ಉಪ್ಪಿನಕಾಯಿಯನ್ನು ಎಲೆಯ ತುದಿಗೆ ಬಡಿಸಿಕೊಳ್ಳುತ್ತೇವೆ, ಅಲ್ವಾ? ಅಲ್ಲಿ ಅದೇ ಪಲ್ಯ.

ಇದರ ಫಲ ಏನು ಅಂದರೆ, ಚೀನಾದಲ್ಲಿ ದೊಡ್ಡವರೊಬ್ಬರು ದಿನಕ್ಕೆ ತಿನ್ನುವ ಉಪ್ಪು ಸರಾಸರಿ 10 ಗ್ರಾಂ ಆಸುಪಾಸು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 5 ಗ್ರಾಂ, ಅಂದರೆ ತಲೆ ತಟ್ಟಿದ ಒಂದು ಟೀ ಚಮಚಕ್ಕಿಂತ ಸ್ವಲ್ಪ ಕಮ್ಮಿ. ಉಪ್ಪು ಜಾಸ್ತಿ ಆದಲ್ಲಿ ಬಿಪಿ ಜಾಸ್ತಿ, ಬಿಪಿ ಜಾಸ್ತಿ ಆದಲ್ಲಿ ಲಕ್ವ ಜಾಸ್ತಿ. ಅದರಲ್ಲೂ ಉತ್ತರದ ಹಳ್ಳಿಗಳಲ್ಲಿ ಲಕ್ವ ಹೊಡೆಯದ ಬೀದಿ ಹುಡುಕುವುದೇ ಕಷ್ಟ ಅನ್ನುವಂಥ ಸ್ಥಿತಿ.

ಇಷ್ಟು ಎಲ್ಲರಿಗೂ ಗೊತ್ತಿತ್ತು. ಆದರೆ ವೈದ್ಯರ ನಡುವೆ ಹತ್ತಾರು ವರ್ಷ ಒಂದು ಜಗಳ ನಡೆದೇ ಇತ್ತು. ಉಪ್ಪು ಕಮ್ಮಿ ಮಾಡಿದರೆ ಬಿಪಿ ಇಳಿಯುತ್ತದೆ ಸರಿ, ಯಂತ್ರದಲ್ಲಿ ನಂಬರ್ ಕಮ್ಮಿ ತೋರಿಸುತ್ತದೆ ಸರಿ, ಅದರಿಂದ ನಿಜವಾಗಿ ಲಕ್ವ ತಪ್ಪುತ್ತದಾ? ಸಾವು ತಪ್ಪುತ್ತದಾ? ಇದನ್ನು ಖಚಿತವಾಗಿ ಹೇಳಬೇಕಾದರೆ ಸಾವಿರಾರು ಜನರನ್ನು ವರ್ಷಗಟ್ಟಲೆ ನೋಡಬೇಕು. ಮಾತ್ರೆಯಾದರೆ ಕಂಪನಿ ದುಡ್ಡು ಹಾಕುತ್ತದೆ, ಆಮೇಲೆ ಮಾರಿ ವಾಪಸ್ ತೆಗೆಯುತ್ತದೆ. ಉಪ್ಪಿಗೆ ಪೇಟೆಂಟ್ ಇಲ್ಲ. ಉಪ್ಪಿನ ಮೇಲೆ ಅಷ್ಟು ದುಡ್ಡು ಯಾರು ಹಾಕುತ್ತಾರೆ?

ಕೊನೆಗೆ ಹಾಕಿದ್ದು ಮುಖ್ಯವಾಗಿ ಆಸ್ಟ್ರೇಲಿಯಾದ ಸರ್ಕಾರಿ ಸಂಶೋಧನಾ ಮಂಡಳಿ. ಸಿಡ್ನಿಯ ಜಾರ್ಜ್ ಇನ್‌ಸ್ಟಿಟ್ಯೂಟ್‌ನ ಬ್ರೂಸ್ ನೀಲ್ ಮತ್ತು ಪೀಕಿಂಗ್ ವಿಶ್ವವಿದ್ಯಾಲಯದ ಸಂಶೋಧಕರು ಸೇರಿ 2014ರಲ್ಲಿ ಒಂದು ಪ್ರಯೋಗ ಶುರು ಮಾಡಿದರು. ಹೆಸರು ಸಾಲ್ಟ್ ಸಬ್‌ಸ್ಟಿಟ್ಯೂಟ್ ಅಂಡ್ ಸ್ಟ್ರೋಕ್ ಸ್ಟಡಿ. 2021ರ ಆಗಸ್ಟ್‌ನಲ್ಲಿ ಫಲಿತಾಂಶ ಹೊರಬಂತು. ಇತ್ತೀಚಿನ ವರ್ಷಗಳಲ್ಲಿ ಸಾರ್ವಜನಿಕ ಆರೋಗ್ಯದ ಬಗ್ಗೆ ನಾನು ಓದಿದವುಗಳಲ್ಲಿ ಇಷ್ಟು ಸರಳವಾದ, ಇಷ್ಟು ದೊಡ್ಡ ಫಲ ಕೊಟ್ಟ ಪ್ರಯೋಗ ಇನ್ನೊಂದಿಲ್ಲ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು ಅನ್ನಿಸಿತು.

ಮೊದಲು ಉಪ್ಪು. ಮಾಮೂಲಿ ಉಪ್ಪು ಅಂದರೆ ಹೆಚ್ಚೂ ಕಮ್ಮಿ ಪೂರ್ತಿ ಸೋಡಿಯಂ ಕ್ಲೋರೈಡ್. ಇವರು ಕೊಟ್ಟ ಉಪ್ಪಿನಲ್ಲಿ ಶೇಕಡ 75 ಮಾತ್ರ ಅದು, ಉಳಿದ 25 ಪೊಟ್ಯಾಸಿಯಂ ಕ್ಲೋರೈಡ್. ನಮ್ಮ ರೈತರಿಗೆ ಈ ಎರಡನೆಯದು ಹೊಸದೇನಲ್ಲ. ತೋಟಕ್ಕೆ ಹಾಕುವ ಕೆಂಪು ಪೊಟ್ಯಾಷ್ ಗೊಬ್ಬರ ಇದೆಯಲ್ಲ, ರಾಸಾಯನಿಕವಾಗಿ ಅದೇ ವಸ್ತು. (ಹಾಗಂತ ಗೊಬ್ಬರದ ಚೀಲಕ್ಕೆ ಕೈ ಹಾಕಬೇಡಿ ಮಾರಾಯ್ರೇ, ತಿನ್ನುವುದಕ್ಕೆ ಶುದ್ಧ ಮಾಡಿದ್ದು ಬೇರೆ ಇರುತ್ತದೆ.) ಇದೂ ಉಪ್ಪುಪ್ಪಾಗಿಯೇ ಇರುತ್ತದೆ, ಆದರೆ ಬರೀ ಇದನ್ನೇ ನಾಲಿಗೆಗೆ ಇಟ್ಟರೆ ಕೊನೆಯಲ್ಲೊಂದು ಕಹಿ, ಲೋಹದ ಚಮಚ ನೆಕ್ಕಿದ ಹಾಗೆ. ಕಾಲು ಭಾಗ ಬೆರೆಸಿದರೆ ಅಡುಗೆಯಲ್ಲಿ ಹೆಚ್ಚಿನವರಿಗೆ ಗೊತ್ತಾಗುವುದಿಲ್ಲ.

ಇನ್ನು ಜನ. ಹೆಬೈ, ಲಿಯಾವೊನಿಂಗ್, ನಿಂಗ್ಶಿಯಾ, ಶಾನ್ಶಿ, ಶಾನ್‌ಕ್ಸಿ ಎಂಬ ಐದು ಪ್ರಾಂತ್ಯಗಳ 600 ಹಳ್ಳಿಗಳು. ಒಂದೊಂದು ಹಳ್ಳಿಯಿಂದ ಸುಮಾರು 35 ಜನ, ಒಟ್ಟು 20,995. ಎಲ್ಲರೂ ಒಂದೋ ಈಗಾಗಲೇ ಒಮ್ಮೆ ಲಕ್ವ ಹೊಡೆದವರು, ಇಲ್ಲವೇ 60 ದಾಟಿದ, ಬಿಪಿ ಹಿಡಿತಕ್ಕೆ ಸಿಗದವರು. ಲಕ್ವ ಹೊಡೆದವರೇ ಶೇಕಡ 70ಕ್ಕೂ ಹೆಚ್ಚು. ಸರಾಸರಿ ವಯಸ್ಸು 65. ಅಂದರೆ ಯಾವ ಮನೆಯಲ್ಲಿ ಯಾವಾಗ ಬೇಕಾದರೂ ಕೆಟ್ಟ ಸುದ್ದಿ ಬರಬಹುದಾದಂಥ ಜನ.

ಇಲ್ಲಿ ಚೀಟಿ ಎತ್ತಿದ್ದು ಜನರಿಗಲ್ಲ, ಊರಿಗೆ. 300 ಹಳ್ಳಿಗಳಿಗೆ ಹೊಸ ಉಪ್ಪು, ಉಳಿದ 300ರಲ್ಲಿ ಹಳೆಯದೇ ಮುಂದುವರಿಕೆ. ಯಾಕೆ ಹೀಗೆ? ಒಂದೇ ಊರಲ್ಲಿ ಅರ್ಧ ಜನಕ್ಕೆ ಒಂದು ಉಪ್ಪು, ಅರ್ಧ ಜನಕ್ಕೆ ಇನ್ನೊಂದು ಕೊಟ್ಟು ನೋಡಿ. ಪಕ್ಕದ ಮನೆಯವರು ಒಂದು ಬಟ್ಟಲು ಉಪ್ಪು ಕೇಳಿಕೊಂಡು ಬರುತ್ತಾರೆ. ಅಲ್ಲಿಗೆ ಲೆಕ್ಕವೆಲ್ಲ ಕಲಸುಮೇಲೋಗರ. ನಮ್ಮಲ್ಲಾದರೆ ದೀಪ ಹಚ್ಚಿದ ಮೇಲೆ ಉಪ್ಪು ಕೊಡುವುದಿಲ್ಲ ಅನ್ನುವ ಶಾಸ್ತ್ರವಾದರೂ ಇದೆ!

ನನಗೆ ತುಂಬಾ ಇಷ್ಟವಾದ ಸಂಗತಿ ಇನ್ನೊಂದು. ಅವರು ಉಪ್ಪು ಕೊಟ್ಟಿದ್ದು ಪುಕ್ಕಟೆ, ಅದೂ ಮನೆಯಲ್ಲಿರುವ ಪ್ರತಿಯೊಬ್ಬರಿಗೂ ದಿನಕ್ಕೆ 20 ಗ್ರಾಂ ಲೆಕ್ಕದಲ್ಲಿ. ಉಪ್ಪು ಕಮ್ಮಿ ತಿನ್ನಿ ಅನ್ನುವವರು ಇಷ್ಟು ಧಾರಾಳ ಯಾಕೆ ಮಾಡಿದರು? ಆ ಜಾಡಿಗಾಗಿ. ಸಾರಿಗೆ ಹೊಸ ಉಪ್ಪು, ಜಾಡಿಗೆ ಹಳೆ ಉಪ್ಪು ಅಂತ ಆಗಬಾರದು. ಮನೆಯೊಳಗೆ ಬರುವ ಉಪ್ಪೆಲ್ಲ ಒಂದೇ ಆಗಿರಬೇಕು. ಅಡುಗೆಮನೆ ಹೇಗೆ ನಡೆಯುತ್ತದೆ ಅನ್ನುವುದನ್ನು ನೋಡಿ ತಿಳಿದವರು ಮಾತ್ರ ಹೀಗೆ ಯೋಚಿಸುತ್ತಾರೆ.

ಹೀಗೆ ಸರಾಸರಿ 4 ವರ್ಷ 9 ತಿಂಗಳು ಕಳೆಯಿತು. ಅಷ್ಟರಲ್ಲಿ 4,172 ಜನ ತೀರಿಕೊಂಡಿದ್ದರು, 3,075 ಜನರಿಗೆ ಲಕ್ವ ಹೊಡೆದಿತ್ತು. ಎರಡೂ ಬಗೆಯ ಹಳ್ಳಿಗಳನ್ನು ತೂಗಿ ನೋಡಿದಾಗ ಸಿಕ್ಕ ಲೆಕ್ಕ ಹೀಗಿದೆ. ಇಂಥ 1000 ಜನರನ್ನು ಒಂದು ವರ್ಷ ನೋಡಿದರೆ, ಹಳೆ ಉಪ್ಪಿನ ಊರುಗಳಲ್ಲಿ ಸುಮಾರು 34 ಲಕ್ವ, ಹೊಸ ಉಪ್ಪಿನ ಊರುಗಳಲ್ಲಿ 29. ಸಾವು ಅಲ್ಲಿ 45ರ ಹತ್ತಿರ, ಇಲ್ಲಿ 39. ಶೇಕಡಾವಾರು ಹೇಳುವುದಾದರೆ ಲಕ್ವ 14, ಸಾವು 12 ಕಮ್ಮಿ. ಆಪರೇಷನ್ ಇಲ್ಲ, ಹೊಸ ಮಾತ್ರೆ ಇಲ್ಲ, ಡಬ್ಬಿಯೊಳಗಿನ ಬಿಳಿ ಪುಡಿ ಬದಲಾಗಿದೆ ಅಷ್ಟೆ. ಆ ಪುಡಿಯ ಬೆಲೆ ಅಲ್ಲಿ ಕಿಲೋಗೆ 1.62 ಡಾಲರ್ ಇತ್ತು, ಮಾಮೂಲಿ ಉಪ್ಪಿಗೆ 1.08 ಡಾಲರ್.

ಈ ನಂಬರ್ ನೋಡಿ "ಬರೀ ಐದಾರು ಜನಾನಾ" ಅನ್ನಿಸಬಹುದು. ಆದರೆ ಚೀನಾದ ಜನಸಂಖ್ಯೆ ನೆನಪಿರಲಿ. 2020ರಲ್ಲೇ ಬೇರೊಂದು ತಂಡ ಲೆಕ್ಕ ಹಾಕಿತ್ತು. ಇಡೀ ಚೀನಾ ಇಂಥ ಉಪ್ಪಿಗೆ ಬದಲಾದರೆ ವರ್ಷಕ್ಕೆ ಸುಮಾರು 4,61,000 ಹೃದಯ, ರಕ್ತನಾಳದ ಸಾವು ತಪ್ಪಬಹುದು ಅಂತ. ಅದೇ ಲೆಕ್ಕದಲ್ಲಿ, ಕಿಡ್ನಿ ಕೆಟ್ಟವರಲ್ಲಿ ಪೊಟ್ಯಾಸಿಯಂ ಏರಿ ಸುಮಾರು 11,000 ಸಾವು ಹೆಚ್ಚೂ ಆಗಬಹುದು. ಈ ಎರಡನೇ ನಂಬರಿಗೆ ಆಮೇಲೆ ಬರುತ್ತೇನೆ, ಅದನ್ನು ನುಂಗಿ ಹಾಕುವ ಹಾಗಿಲ್ಲ.

ದೇಹದೊಳಗೆ ಆಗಿದ್ದೇನು? ಸೋಡಿಯಂ ಎಲ್ಲಿರುತ್ತದೋ ಅಲ್ಲಿ ನೀರು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತ ಗಾದೆ ಬೇರೆ ಅರ್ಥಕ್ಕೆ ಹೇಳಿದ್ದರೂ ದೇಹಕ್ಕೆ ಅದು ಅಕ್ಷರಶಃ ನಿಜ. ಆ ನೀರು ಸೇರಿ ರಕ್ತದ ಪ್ರಮಾಣ ಏರುತ್ತದೆ, ನಾಳಗಳ ಗೋಡೆಯ ಮೇಲೆ ಒತ್ತಡ ಬೀಳುತ್ತದೆ. ಪೊಟ್ಯಾಸಿಯಂ ಕೆಲಸ ಇದಕ್ಕೆ ತದ್ವಿರುದ್ಧ. ಅದು ಕಿಡ್ನಿಗೆ ಸೋಡಿಯಂ ಅನ್ನು ಹೊರಗೆ ಹಾಕು ಅಂತ ಹೇಳುತ್ತದೆ, ನಾಳಗಳ ಬಿಗಿಯನ್ನೂ ಸಡಿಲಿಸುತ್ತದೆ. ಪ್ರಯೋಗದಲ್ಲಿ ಮೂತ್ರ ಪರೀಕ್ಷೆ ಮಾಡಿ ನೋಡಿದಾಗ ಸೋಡಿಯಂ ಇಳಿದಿದ್ದು ದಿನಕ್ಕೆ ಸುಮಾರು 350 ಮಿಲಿಗ್ರಾಂ, ಪೊಟ್ಯಾಸಿಯಂ ಏರಿದ್ದು ಸುಮಾರು 800 ಮಿಲಿಗ್ರಾಂ. ಅಂದರೆ ಒಂದು ಗ್ರಾಂ ಉಪ್ಪು ಬಿಟ್ಟು ಎರಡು ಬಾಳೆಹಣ್ಣು ತಿಂದ ಹಾಗೆ. ಹಾಗಾಗಿ "ಸೋಡಿಯಂ ಕಮ್ಮಿ ಉಪ್ಪು" ಅನ್ನುವ ಹೆಸರೇ ಅರ್ಧ ಸತ್ಯ. ಜಾಸ್ತಿ ಕೆಲಸ ಮಾಡಿದ್ದು ಬಹುಶಃ ಸೇರಿಸಿದ್ದೇ ಹೊರತು ತೆಗೆದಿದ್ದಲ್ಲ.

ಮೇಲಿನ ಬಿಪಿ ಇಳಿದದ್ದು ಸರಾಸರಿ 3.3 ಅಷ್ಟೆ. 150 ಇದ್ದಿದ್ದು 147 ಆಯಿತು ಅಂದರೆ ನಮ್ಮ ಮನೆಯಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಒಬ್ಬರ ಮಟ್ಟಿಗೆ ಅದು ಏನೂ ಅಲ್ಲ ನಿಜ. ಆದರೆ ಇಡೀ ಊರಿನ ಬಿಪಿ ಮೂರು ಗೆರೆ ಕೆಳಗಿಳಿದು ಐದು ವರ್ಷ ಅಲ್ಲೇ ನಿಂತರೆ, ಅಂಚಿನಲ್ಲಿ ನಿಂತವರು ಕೆಲವರಾದರೂ ಬೀಳದೆ ಉಳಿಯುತ್ತಾರೆ.

ಅದೆಲ್ಲ ಸರಿ, ಇದೆಲ್ಲ ಯಾಕೆ, ಸುಮ್ನೆ ಉಪ್ಪು ಕಮ್ಮಿ ತಿಂದರೆ ಆಗಲ್ವಾ ಅಂತ ಕೇಳಬಹುದು. ಅದಕ್ಕೂ ಚೀನಾದಲ್ಲೇ ಉತ್ತರ ಸಿಕ್ಕಿದೆ. ವೃದ್ಧಾಶ್ರಮಗಳಂಥ 48 ಆರೈಕೆ ಕೇಂದ್ರಗಳಲ್ಲಿ ಡಿಸೈಡ್ ಸಾಲ್ಟ್ ಅನ್ನುವ ಪ್ರಯೋಗ ಎರಡು ವರ್ಷ ನಡೆಯಿತು. 2023ರಲ್ಲಿ ಪ್ರಕಟವಾಯಿತು. ಅಲ್ಲಿ ಎರಡು ಉಪಾಯಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಕೆಲವು ಅಡುಗೆಮನೆಗಳಿಗೆ ಕೊಡುವ ಉಪ್ಪನ್ನೇ ಹಂತ ಹಂತವಾಗಿ ಕಡಿತ ಮಾಡುತ್ತಾ ಹೋದರು. ಕೆಲವಕ್ಕೆ ಪೊಟ್ಯಾಸಿಯಂ ಬೆರೆತ ಉಪ್ಪು ಕೊಟ್ಟರು. ಕೆಲವಕ್ಕೆ ಎರಡೂ, ಕೆಲವಕ್ಕೆ ಎರಡೂ ಇಲ್ಲ. ಕಡಿತ ಮಾಡಿದ ಕಡೆ ಬಿಪಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಬರಲಿಲ್ಲ. ಉಪ್ಪು ಬದಲಾಯಿಸಿದ ಕಡೆ ಮೇಲಿನ ಬಿಪಿ 7 ಇಳಿಯಿತು, ಹೃದಯ, ಲಕ್ವದಂಥ ಘಟನೆಗಳು ಶೇಕಡ 40 ಕಮ್ಮಿ ಆದವು.

ಕಡಿತ ಯಾಕೆ ಸೋತಿತು? ಅಡುಗೆ ಮಾಡಿದವರಿಗೆ ಉತ್ತರ ಗೊತ್ತು. ಸಾರು ಸಪ್ಪೆಯಾದರೆ ತಟ್ಟೆ ಹಾಗೇ ವಾಪಸ್ ಬರುತ್ತದೆ. ಅಡುಗೆಯವರು ಇನ್ನೊಂದಿಷ್ಟು ಸಾಸ್ ಸುರಿಯುತ್ತಾರೆ, ತಿನ್ನುವವರು ಇನ್ನೆಲ್ಲೋ ಉಪ್ಪು ಹುಡುಕುತ್ತಾರೆ. ಇದು ನನ್ನ ಊಹೆ. ಆದರೆ ಉಪ್ಪಿಗಿಂತ ರುಚಿಯಿಲ್ಲ ಅಂತ ಬೆಳೆದ ನಾಲಿಗೆಗೆ ಬುದ್ಧಿ ಹೇಳಿ ಗೆದ್ದವರನ್ನು ನಾನಂತೂ ಕಂಡಿಲ್ಲ. ನಾಲಿಗೆಯನ್ನು ಬದಲಾಯಿಸುವುದಕ್ಕಿಂತ ಡಬ್ಬಿಯನ್ನು ಬದಲಾಯಿಸುವುದು ಸುಲಭ. ಚೀನಾದ ಈ ಪ್ರಯೋಗಗಳನ್ನೆಲ್ಲ ಓದಿದ ಮೇಲೆ ನನಗೆ ಉಳಿದದ್ದು ಈ ಒಂದು ಮಾತು. ಹಳ್ಳಿಗಳಲ್ಲೂ ಹಾಗೇ ಆಯಿತು. ಐದು ವರ್ಷ ಕಳೆದ ಮೇಲೂ ಹತ್ತರಲ್ಲಿ ಒಂಬತ್ತು ಜನ ಹೊಸ ಉಪ್ಪನ್ನೇ ಬಳಸುತ್ತಿದ್ದರು. ಇಷ್ಟು ನಿಯತ್ತಾಗಿ ಬಿಪಿ ಮಾತ್ರೆ ನುಂಗುವವರು ನಿಮ್ಮ ಮನೆಯಲ್ಲಿ ಇದ್ದಾರಾ?

ಅದೇ ಡಿಸೈಡ್ ಸಾಲ್ಟ್‌ನಲ್ಲಿ ಬಿಪಿ ಇಲ್ಲದ ಜನರನ್ನು ಪ್ರತ್ಯೇಕವಾಗಿ ನೋಡಿ 2024ರಲ್ಲಿ ಇನ್ನೊಂದು ಲೇಖನ ಬಂತು. ಹೊಸ ಉಪ್ಪು ತಿಂದವರಲ್ಲಿ ಹೊಸದಾಗಿ ಬಿಪಿ ಬರುವುದು ಶೇಕಡ 40 ಕಮ್ಮಿ. ಅಂದರೆ ಬಿಪಿ ಬಂದವರಿಗೆ ಮಾತ್ರ ಅಲ್ಲ, ಬರದೇ ಇರುವವರಿಗೂ ಉಪಯೋಗ.

ಈಗ ಆ ಎರಡನೇ ನಂಬರು, 11,000 ಸಾವಿನದ್ದು. ಪೊಟ್ಯಾಸಿಯಂ ಒಳ್ಳೆಯದು, ಹೊರಗೆ ಹೋಗುವ ದಾರಿ ತೆರೆದಿರುವ ತನಕ. ಆ ದಾರಿ ಕಿಡ್ನಿ. ಕಿಡ್ನಿ ಸೋತರೆ ಪೊಟ್ಯಾಸಿಯಂ ರಕ್ತದಲ್ಲೇ ಉಳಿದು ಏರುತ್ತಾ ಹೋಗುತ್ತದೆ, ಜಾಸ್ತಿಯಾದರೆ ಎದೆಬಡಿತದ ತಾಳ ತಪ್ಪಿಸುತ್ತದೆ, ಹೃದಯ ನಿಂತೂ ಹೋಗಬಹುದು. ಡಯಾಲಿಸಿಸ್ ಮಾಡಿಸುವವರಿಗೆ ಎಳನೀರು ಬೇಡ ಅನ್ನುವುದು ಇದಕ್ಕೇ. ಕೆಲವು ಮಾತ್ರೆಗಳೂ ಈ ದಾರಿಯನ್ನು ಕಿರಿದು ಮಾಡುತ್ತವೆ. ಹಾರ್ಟ್ ಫೇಲ್ಯೂರ್‌ಗೆ ಕೊಡುವ ಸ್ಪೈರೋನೋಲ್ಯಾಕ್ಟೋನ್ ಇವುಗಳಲ್ಲಿ ಮುಖ್ಯವಾದದ್ದು. ನಮ್ಮಲ್ಲಿ ಬಿಪಿಗೆ ಮನೆಮನೆಯಲ್ಲೂ ನುಂಗುವ ಟೆಲ್ಮಿಸಾರ್ಟಾನ್, ಲೋಸಾರ್ಟಾನ್, ರಾಮಿಪ್ರಿಲ್ ಕೂಡ ಪೊಟ್ಯಾಸಿಯಂ ಅನ್ನು ಸ್ವಲ್ಪ ಏರಿಸುವ ಮಾತ್ರೆಗಳೇ. ಕಿಡ್ನಿ ಚೆನ್ನಾಗಿದ್ದರೆ ಇವುಗಳಿಂದ ಸಾಮಾನ್ಯವಾಗಿ ತೊಂದರೆ ಇಲ್ಲ. ಆದರೆ ಕಿಡ್ನಿ ಚೆನ್ನಾಗಿದೆಯಾ ಅನ್ನುವುದು ಮುಖ ನೋಡಿ ಗೊತ್ತಾಗುವುದಿಲ್ಲ, ರಕ್ತ ಪರೀಕ್ಷೆಯಲ್ಲೇ ಗೊತ್ತಾಗಬೇಕು. ಅದರಲ್ಲೂ ಸಕ್ಕರೆ ಕಾಯಿಲೆ ಹತ್ತಾರು ವರ್ಷದಿಂದ ಇರುವವರಿಗೆ.

ಹಳ್ಳಿಗಳ ಪ್ರಯೋಗದಲ್ಲಿ ಪೊಟ್ಯಾಸಿಯಂ ಏರಿದ ಘಟನೆಗಳು ಎರಡೂ ಕಡೆ ಹೆಚ್ಚೂ ಕಮ್ಮಿ ಒಂದೇ ಇದ್ದವು, ವರ್ಷಕ್ಕೆ 1000 ಜನರಲ್ಲಿ 3ಕ್ಕಿಂತ ಸ್ವಲ್ಪ ಜಾಸ್ತಿ. ಕೇಳಲು ಸಮಾಧಾನ. ಆದರೆ ಎರಡು ವಿಷಯ ಗಮನಿಸಿ. ಒಂದು, ಗಂಭೀರ ಕಿಡ್ನಿ ಕಾಯಿಲೆ ಇರುವವರನ್ನು, ಪೊಟ್ಯಾಸಿಯಂ ಉಳಿಸುವ ಮಾತ್ರೆ ತಿನ್ನುವವರನ್ನು ಮೊದಲೇ ಹೊರಗಿಟ್ಟಿದ್ದರು. ಬರೀ ಅವರನ್ನಲ್ಲ, ಮನೆಯಲ್ಲಿ ಇನ್ಯಾರಿಗಾದರೂ ಹಾಗಿದ್ದರೂ ಆ ಮನೆ ಬೇಡ ಅಂದಿದ್ದರು. ಒಂದು ಮನೆಗೆ ಒಂದೇ ಒಲೆ, ಒಂದೇ ಉಪ್ಪು ತಾನೆ? ಎರಡು, ಎಲ್ಲರ ರಕ್ತವನ್ನೂ ಪದೇಪದೇ ಪರೀಕ್ಷೆ ಮಾಡಿ ನೋಡಿದ್ದಲ್ಲ, ಕಾಯಿಲೆಯಾಗಿ ಬೆಳಕಿಗೆ ಬಂದದ್ದನ್ನು ಎಣಿಸಿದ್ದು. ಆರೈಕೆ ಕೇಂದ್ರಗಳಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಹೊಸ ಉಪ್ಪಿನ ಕಡೆ ಪೊಟ್ಯಾಸಿಯಂ ಏರಿದವರು ಹೆಚ್ಚೇ ಸಿಕ್ಕರು, ಅದರಿಂದ ಹೆಚ್ಚಿನ ಸಾವುನೋವು ಮಾತ್ರ ಕಾಣಲಿಲ್ಲ. ಇದಕ್ಕೇ 2025ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉಪ್ಪಿನ ಪರವಾಗಿ ಮಾರ್ಗಸೂಚಿ ತಂದಾಗ ಮಕ್ಕಳು, ಬಸುರಿಯರು, ಕಿಡ್ನಿ ತೊಂದರೆ ಇರುವವರನ್ನು ಅದರಿಂದ ಹೊರಗಿಟ್ಟಿತು.

ಲಕ್ವ ಹೊಡೆದವರನ್ನು ಮನೆಯಲ್ಲಿ ನೋಡಿಕೊಂಡವರಿಗೆ ಮುಂದಿನ ವಿಷಯ ಹೆಚ್ಚು ತಟ್ಟುತ್ತದೆ. ಎಡಗೈ ಎತ್ತುವುದಕ್ಕೆ ತಿಂಗಳುಗಟ್ಟಲೆ ಫಿಸಿಯೋಥೆರಪಿ, ಲೋಟ ಹಿಡಿಯುವುದೇ ಒಂದು ಹಬ್ಬ. ದುಬಾರಿ ಫಿಸಿಯೋಥೆರಪಿ ಬದಲು ಮನೆಯವರಿಗೇ ಹೇಳಿಕೊಟ್ಟರೆ ಹೇಗೆ ಅಂತ ಭಾರತದಲ್ಲಿ 14 ಆಸ್ಪತ್ರೆಗಳ 1,250 ರೋಗಿಗಳ ಮೇಲೆ ಅಟೆಂಡ್ ಅನ್ನುವ ಪ್ರಯೋಗ ನಡೆದಿತ್ತು. 2017ರಲ್ಲಿ ಬಂದ ಫಲಿತಾಂಶ ಬೇಸರದ್ದು. ಹೇಳಿಕೊಟ್ಟವರಿಗೂ ಹೇಳಿಕೊಡದವರಿಗೂ ವ್ಯತ್ಯಾಸ ಇರಲಿಲ್ಲ. ಚೀನಾದ ಹಳ್ಳಿಗಳಲ್ಲಿ ಇಂಥದ್ದೇ ಒಂದು ಪ್ರಯೋಗ ಮಾಡಿದರು, ಅಲ್ಲೂ ಅದೇ ಕಥೆ. ಕಳೆದುಹೋದದ್ದನ್ನು ವಾಪಸ್ ತರುವುದು ಅಷ್ಟು ಕಷ್ಟ. ಹಾಗಾಗಿ ಎರಡನೇ ಸಲ ಹೊಡೆಯದ ಹಾಗೆ ನೋಡಿಕೊಳ್ಳುವುದಕ್ಕೆ ಬೆಲೆ ಜಾಸ್ತಿ. ಉಪ್ಪಿನ ಪ್ರಯೋಗದಲ್ಲಿದ್ದ, ಮೊದಲೇ ಲಕ್ವ ಹೊಡೆದಿದ್ದ 15,249 ಜನರ ಲೆಕ್ಕ 2025ರಲ್ಲಿ ಬೇರೆಯಾಗಿ ಬಂತು. ಮತ್ತೆ ಲಕ್ವ ಹೊಡೆಯುವುದು ಶೇಕಡ 14 ಕಮ್ಮಿ. ಮೆದುಳಲ್ಲಿ ರಕ್ತಸ್ರಾವ ಆಗುವ ಬಗೆಯ ಲಕ್ವ ಶೇಕಡ 30 ಕಮ್ಮಿ.

ಉಪ್ಪೊಂದೇ ಸಾಕು, ಮಾತ್ರೆ ಬಿಡಿ ಅಂತ ಯಾರೂ ಓದಿಕೊಳ್ಳಬಾರದು. ಚೀನಾದ್ದೇ ಇನ್ನೊಂದು ದೊಡ್ಡ ಪ್ರಯೋಗ ಇದೆ, 326 ಹಳ್ಳಿಗಳ ಸುಮಾರು 34,000 ಜನರದ್ದು. ಮಾವೋ ಕಾಲದ ಬರಿಗಾಲ ವೈದ್ಯರ ಹೆಸರು ಕೇಳಿರುತ್ತೀರಿ. ಅವರ ಜಾಗದಲ್ಲಿ ಈಗ ಇರುವವರು ಹಳ್ಳಿ ವೈದ್ಯರು. ದೊಡ್ಡ ಡಿಗ್ರಿ ಇಲ್ಲದ, ಆದರೆ ಊರಿನ ಪ್ರತಿ ಮನೆಯ ಬಾಗಿಲು ಗೊತ್ತಿರುವ ಜನ. ಇವರಿಗೆ ತರಬೇತಿ ಕೊಟ್ಟು, ಮಾತ್ರೆಯನ್ನು ಪುಕ್ಕಟೆ ಅಥವಾ ಕಡಿಮೆ ಬೆಲೆಗೆ ಸಿಗುವ ಹಾಗೆ ಮಾಡಿ, ಜನರ ಕೈಗೆ ಬಿಪಿ ಯಂತ್ರ ಕೊಟ್ಟು, 130/80ರ ಕೆಳಗೆ ತನ್ನಿ ಅಂದರು. 2023ರ ವರದಿ ಪ್ರಕಾರ ಮೂರು ವರ್ಷದಲ್ಲಿ ಹೃದಯಾಘಾತ, ಲಕ್ವದಂಥವು ಮೂರರಲ್ಲಿ ಒಂದು ಪಾಲು ಕಮ್ಮಿಯಾದವು. ನಾಲ್ಕು ವರ್ಷದ ಮೇಲೆ ನೋಡಿದರೆ ಮರೆವಿನ ಕಾಯಿಲೆಯೂ ಶೇಕಡ 15 ಕಮ್ಮಿ. ಇಲ್ಲೂ ನೋಡಿ, ದೊಡ್ಡ ಆಸ್ಪತ್ರೆ ಕಟ್ಟಿದ್ದಲ್ಲ. ಮಾತ್ರೆ ಊರಿನ ಬಾಗಿಲಿಗೆ ಬಂತು ಅಷ್ಟೆ.

ನಮ್ಮ ಕಡೆ ವಿಷಯಕ್ಕೆ ಬಂದರೆ, ಪಕ್ಕದ ತೆಲಂಗಾಣದ ಸಿದ್ದಿಪೇಟೆ ಹಳ್ಳಿಗಳಲ್ಲಿ ಬಿಪಿ ಇರುವ 502 ಜನರಿಗೆ ಇಂಥದ್ದೇ ಉಪ್ಪು ಕೊಟ್ಟು ನೋಡಿದ್ದಾರೆ. ಮೂರು ತಿಂಗಳಲ್ಲಿ ಮೇಲಿನ ಬಿಪಿ 4.6 ಇಳಿದಿದೆ. ನಮ್ಮ ಅಡುಗೆಯೂ ಚೀನಾ ಹಳ್ಳಿಯ ಹಾಗೆಯೇ, ಉಪ್ಪು ಹೆಚ್ಚಾಗಿ ಬೀಳುವುದು ಮನೆಯ ಒಲೆಯ ಮುಂದೆಯೇ, ಹಾಗಾಗಿ ಕೆಲಸ ಮಾಡಲೇಬೇಕು ಅನ್ನಿಸುತ್ತದೆ. ಮೂರು ಹೊತ್ತೂ ದರ್ಶಿನಿಯಲ್ಲೇ ತಿನ್ನುವವರಿಗೆ ಮನೆಯ ಡಬ್ಬಿ ಬದಲಾದರೇನು ಬಿಟ್ಟರೇನು.

ಅಂಗಡಿಯಲ್ಲಿ ಕೊಳ್ಳುವಾಗ ಪ್ಯಾಕೆಟ್ ತಿರುಗಿಸಿ ಓದಿ. ಅಕ್ಷರ ಇರುವೆಯಷ್ಟು ಸಣ್ಣಕ್ಕಿರುತ್ತದೆ, ನಾನು ಫೋನ್ ಟಾರ್ಚ್ ಹಾಕಿ ಓದಿದ್ದು. ಪೊಟ್ಯಾಸಿಯಂ ಕ್ಲೋರೈಡ್ ಅಂತ ಬರೆದಿದ್ದರೆ ಮಾತ್ರ ಇದು ಆ ಉಪ್ಪು. ಕೆಲವದರಲ್ಲಿ ಸೋಡಿಯಂ ಶೇಕಡ 15 ಮಾತ್ರ ಕಮ್ಮಿ ಇರುತ್ತದೆ, ಚೀನಾದಲ್ಲಿ ಕೊಟ್ಟಷ್ಟು ಅಲ್ಲ. ಸೈಂಧವ ಲವಣ, ಗುಲಾಬಿ ಬಣ್ಣದ ಹಿಮಾಲಯದ ಉಪ್ಪು, ಕಲ್ಲುಪ್ಪು, ಇವು ಯಾವುವೂ ಅಲ್ಲ. ಬಣ್ಣ ಏನೇ ಇರಲಿ, ಅವೆಲ್ಲ ಬಹುಪಾಲು ಅದೇ ಹಳೆಯ ಸೋಡಿಯಂ ಕ್ಲೋರೈಡ್. ಅಯೋಡಿನ್ ಇದೆಯಾ ಅಂತಲೂ ನೋಡಿಕೊಳ್ಳಿ.

ನಾನು ತಂದ ಪ್ಯಾಕೆಟ್ ಇನ್ನೂ ಒಡೆದಿಲ್ಲ. ಅಪ್ಪನಿಗೆ ಸಕ್ಕರೆ ಕಾಯಿಲೆ ಬಂದು ಹದಿನೆಂಟು ವರ್ಷ ಆಯಿತು, ಬೆಳಿಗ್ಗೆ ಟೆಲ್ಮಿಸಾರ್ಟಾನ್ ನುಂಗುತ್ತಾರೆ. ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯೇಟಿನಿನ್, ಜೊತೆಗೆ ಪೊಟ್ಯಾಸಿಯಂ, ಎರಡಕ್ಕೂ ರಕ್ತ ಕೊಟ್ಟು ಬಂದಿದ್ದೇವೆ, ರಿಪೋರ್ಟ್ ಶನಿವಾರ ಬರಬೇಕು. ಅಲ್ಲಿಯ ತನಕ ಹೊಸ ಉಪ್ಪು ಅಟ್ಟದ ಮೇಲೆ, ಹಳೆ ಉಪ್ಪು ಒಲೆಯ ಪಕ್ಕ.